ಕಂಟೇನರ್ ವ್ಯವಸ್ಥೆಯಲ್ಲಿ ಮೋಡಲ್ ಪರದೆಗಳು

ಐಫೋನ್ ಆ್ಯಪ್‌ಗಳನ್ನು ಕಟ್ಟಲು ಬಳಕೆಯಲ್ಲಿರುವ ಯುಐಕಿಟ್ ಚೌಕಟ್ಟಿನಲ್ಲಿ ಒಂದೊಂದು ಪರದೆಯನ್ನೂ ನಿರ್ವಹಿಸುವ ಘಟಕಕ್ಕೆ ವ್ಯೂ ಕಂಟ್ರೋಲರ್ ಎಂದು ಹೆಸರು. ಇವುಗಳಲ್ಲಿ ಕೆಲವು ಇತರ ಕಂಟ್ರೋಲರ್‌ಗಳನ್ನು ತಮ್ಮೊಳಗೆ ಇರಿಸಿಕೊಂಡು, ಯಾವ ಹೊತ್ತಿಗೆ ಯಾವುದು ಕಾಣಬೇಕೆಂಬುದನ್ನು ನಿರ್ಧರಿಸುತ್ತವೆ, ಇವೇ ಕಂಟೇನರ್‌ಗಳು. ಪರದೆಗಳನ್ನು ಒಂದರ ಮೇಲೊಂದು ಪೇರಿಸುವ ನ್ಯಾವಿಗೇಷನ್ ಕಂಟ್ರೋಲರ್ ಮತ್ತು ವಿಭಾಗಗಳನ್ನು ಬದಲಿಸುವ ಟ್ಯಾಬ್ ಬಾರ್ ಕಂಟ್ರೋಲರ್ ಇವುಗಳಲ್ಲಿ ಮುಖ್ಯವಾದವು. 2011ರಲ್ಲಿ ಬಂದ ಐಓಎಸ್ 5ರಿಂದ ಆ್ಯಪ್ ರಚಿಸುವವರು ತಮ್ಮದೇ ಕಂಟೇನರ್‌ಗಳನ್ನೂ ರೂಪಿಸಿಕೊಳ್ಳಬಹುದಾಗಿದೆ.

ಮೋಡಲ್ ಪರದೆಯು ನ್ಯಾವಿಗೇಷನ್ ಕಂಟ್ರೋಲರ್‌ನ ಪೇರಿಕೆಗೆ ಸೇರುವುದಿಲ್ಲ. ಅದು ಇರುವ ಪರದೆಯ ಮೇಲೆ ಬಂದು, ಲಾಗಿನ್ ಆಗುವುದು, ಹೊಸ ಸಂದೇಶ ಬರೆಯುವುದು ಮುಂತಾದ ಒಂದು ಕೆಲಸ ಮುಗಿಯುವವರೆಗೆ ಅಥವಾ ರದ್ದಾಗುವವರೆಗೆ ಬಳಕೆದಾರರ ಗಮನವನ್ನು ತನ್ನಲ್ಲಿಯೇ ಹಿಡಿದಿಡುತ್ತದೆ. ಪೇರಿಕೆಯ ಹೊರಗಿರುವುದರಿಂದ ಅದಕ್ಕೆ 'ಹಿಂದೆ' ಗುಂಡಿ ತಾನಾಗಿ ದೊರೆಯುವುದಿಲ್ಲ. ಆ ಕೆಲಸದಲ್ಲಿ ಹಲವು ಹಂತಗಳಿದ್ದರೆ ಮೋಡಲ್‌ಗೆ ಪ್ರತ್ಯೇಕವಾದ ನ್ಯಾವಿಗೇಷನ್ ಕಂಟ್ರೋಲರ್ ಒದಗಿಸಬೇಕಾಗುತ್ತದೆ.

ಒಳಗಿನ ಪರದೆಯೊಂದು ಮೋಡಲ್ ತೆರೆಯಲು ಕೇಳಿದರೂ ತೆರೆಯುವ ಹೊಣೆ ಸಾಮಾನ್ಯವಾಗಿ ಅದರದ್ದಾಗಿ ಉಳಿಯುವುದಿಲ್ಲ. ಕಿರಿಯ ನೌಕರ ಸಿದ್ಧಪಡಿಸಿದ ಪತ್ರವು ಮೇಲಧಿಕಾರಿಯ ಸಹಿಯೊಡನೆ ಹೊರಡುವಂತೆ, ಇಲ್ಲಿ ಕೋರಿಕೆಯು ಕಂಟೇನರ್‌ಗಳ ಶ್ರೇಣಿಯಲ್ಲಿ ಮೇಲೇರುತ್ತದೆ. ಪೂರ್ಣ ಪರದೆಯ ಶೈಲಿಯಲ್ಲಿ ಅದು ಇಡೀ ಕಿಟಕಿಯನ್ನು ಆವರಿಸಿರುವ ಕಂಟ್ರೋಲರ್‌ವರೆಗೆ ಹೋಗುವುದರಿಂದ ಟ್ಯಾಬ್ ಪಟ್ಟಿಯೂ ಮುಚ್ಚಿಹೋಗುತ್ತದೆ. ಪಟ್ಟಿ ಕಾಣುತ್ತಲೇ ಇರಬೇಕಾದರೆ 'ಕರೆಂಟ್ ಕಾಂಟೆಕ್ಸ್ಟ್' ಶೈಲಿಯನ್ನು ಆರಿಸಿ, ಒಳಗಿನ ಕಂಟ್ರೋಲರ್‌ನ 'ಡಿಫೈನ್ಸ್ ಪ್ರೆಸೆಂಟೇಶನ್ ಕಾಂಟೆಕ್ಸ್ಟ್' ಗುಣವನ್ನು ಸಕ್ರಿಯಗೊಳಿಸಬೇಕು. ಆಗ ಕೋರಿಕೆಯ ಏರಿಕೆ ಅಲ್ಲಿಯೇ ನಿಲ್ಲುತ್ತದೆ.

ಕೋರಿಕೆ ಹೀಗೆ ಮೇಲೇರುವುದರಿಂದ ಇನ್ನೊಂದು ಪರಿಣಾಮವೂ ಇದೆ. ತನ್ನನ್ನು ತೆರೆದವರು ಯಾರೆಂದು ಮೋಡಲ್ ವಿಚಾರಿಸಿದಾಗ ಕೋರಿಕೆ ಸಲ್ಲಿಸಿದ ಪರದೆಯ ಬದಲು ಕಂಟೇನರ್‌ನ ಹೆಸರು ಸಿಗಬಹುದು. ಆದ್ದರಿಂದ ಫಲಿತಾಂಶವನ್ನು ಆ ಸಂಬಂಧದ ಮೂಲಕ ಹಿಂದಿರುಗಿಸಲು ಹೊರಟರೆ ಅದು ತಲುಪಬೇಕಾದಲ್ಲಿಗೆ ತಲುಪುವುದಿಲ್ಲ. ಒಂದು ಘಟಕದ ಪರವಾಗಿ ಸೂಚನೆಗಳನ್ನು ಸ್ವೀಕರಿಸುವ ಡೆಲಿಗೇಟ್ ಅಥವಾ ಕೆಲಸ ಮುಗಿದಾಗ ನಡೆಸಲೆಂದು ಮುಂಚೆಯೇ ಕೊಟ್ಟಿರುವ ಕೋಡಿನ ತುಣುಕು, ಅಂದರೆ ಕ್ಲೋಷರ್, ಇದಕ್ಕೆ ತಕ್ಕ ಮಾರ್ಗ.

2019ರ ಐಓಎಸ್ 13ರಲ್ಲಿ ಮೋಡಲ್‌ಗಳು ಸಾಮಾನ್ಯವಾಗಿ ಕಾರ್ಡಿನ ರೂಪ ತಳೆದು, ಕೆಳಕ್ಕೆ ಎಳೆದರೆ ಮುಚ್ಚುವಂತಾದವು. ಉಳಿಸದ ಬರಹ ಇದರಿಂದ ಕಳೆದುಹೋಗದಂತೆ ಎಳೆತವನ್ನು ತಡೆಯುವ ಸೌಲಭ್ಯವೂ ಜೊತೆಗೇ ಬಂದಿತು. ಕಾರ್ಡಿನ ಹಿಂದಿನ ಪರದೆ ಪೂರ್ತಿ ಮರೆಯಾಗದ ಕಾರಣ, ಕಾರ್ಡು ಮುಚ್ಚಿದಾಗ ಅದಕ್ಕೆ 'ಮತ್ತೆ ಕಾಣಿಸಿಕೊಳ್ಳಲಿದ್ದೀ' ಎಂಬ ಸೂಚನೆ ಬರುವುದಿಲ್ಲ. ಆ ಸೂಚನೆಯನ್ನು ನಂಬಿ ಮಾಹಿತಿಯನ್ನು ನವೀಕರಿಸುತ್ತಿದ್ದ ಆ್ಯಪ್‌ಗಳು ಬೇರೆ ದಾರಿ ಹುಡುಕಬೇಕಾಯಿತು.

ಒಂದೇ ವಿಷಯದ ಆಳಕ್ಕೆ ಇಳಿಯುವ ಪರದೆಗಳು ಪೇರಿಕೆಗೆ ಸೇರಬೇಕು, ಸ್ಪಷ್ಟವಾದ ಆದಿ ಅಂತ್ಯಗಳುಳ್ಳ ಬಿಡಿ ಕೆಲಸಕ್ಕೆ ಮಾತ್ರ ಮೋಡಲ್ ಮೀಸಲಾಗಬೇಕು. ಅದನ್ನು ತೆರೆಯುವ ಮತ್ತು ಮುಚ್ಚುವ ಹೊಣೆ ಯಾವ ಕಂಟ್ರೋಲರ್‌ನದೆಂಬುದು ವಿನ್ಯಾಸದ ಹಂತದಲ್ಲಿಯೇ ತೀರ್ಮಾನವಾಗಬೇಕು.