ಇನ್‌ಸ್ಟಾಲ್ ಮಾಡುವಾಗ ಡ್ರೈವ್ ಕಾಣಿಸುತ್ತಿಲ್ಲವೇ? ‘ಕ್ಲೀನ್’ ಎಂದು ಟೈಪ್ ಮಾಡುವ ಮುನ್ನ ಇದನ್ನು ಓದಿ

“ವಿಂಡೋಸ್ ಹಾಕುವಾಗ ಡ್ರೈವ್ ತೋರಿಸದಿದ್ದರೆ ನಿಮ್ಮ ಎಸ್‌ಎಸ್‌ಡಿ ಹಾಳಾಗಿದೆ ಎಂದರ್ಥ. ಅಂಗಡಿಗೆ ಕೊಡುವ ಮೊದಲು ಈ ಟ್ರಿಕ್ ಮಾಡಿ. ಶಿಫ್ಟ್ ಮತ್ತು ಎಫ್10 ಒತ್ತಿ, ಡಿಸ್ಕ್‌ಪಾರ್ಟ್ ಎಂದು ಬರೆಯಿರಿ, ಡಿಸ್ಕ್ 0 ಸೆಲೆಕ್ಟ್ ಮಾಡಿ ಕ್ಲೀನ್ ಕೊಡಿ. ಡ್ರೈವ್ ವಾಪಸ್ ಬರುತ್ತದೆ. ಎಲ್ಲರಿಗೂ ಶೇರ್ ಮಾಡಿ.”

ಇಂಥದ್ದೊಂದು ಸಂದೇಶವನ್ನು ಓದುಗರೊಬ್ಬರು ನಮಗೆ ಕಳುಹಿಸಿ, ಇದು ನಿಜವೇ ಎಂದು ಕೇಳಿದ್ದಾರೆ. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಸಾಮಾನ್ಯ ಬೆಂಬಲ ಮುಗಿದ ಮೇಲೆ ಮನೆಯಲ್ಲೇ ಪೆನ್‌ಡ್ರೈವ್ ಹಿಡಿದು ವಿಂಡೋಸ್ 11 ಹಾಕಲು ಕೂತವರು ಬಹಳ ಜನ. ಹಾಗಾಗಿ ಈ ಪ್ರಶ್ನೆ ಬಂದದ್ದು ನಮಗೆ ಆಶ್ಚರ್ಯವೇನಲ್ಲ.

ಉತ್ತರ ಇಷ್ಟು. ಇನ್‌ಸ್ಟಾಲರ್‌ಗೆ ಡ್ರೈವ್ ಕಾಣದಿದ್ದ ಮಾತ್ರಕ್ಕೆ ಅದು ಹಾಳಾಗಿದೆ ಎಂದು ಹೇಳಲಾಗದು. 2020ರ ನಂತರ ಬಂದ ಇಂಟೆಲ್ ಲ್ಯಾಪ್‌ಟಾಪ್‌ಗಳಲ್ಲಂತೂ ಡ್ರೈವ್ ಪೂರ್ತಿ ಚೆನ್ನಾಗಿದ್ದರೂ ಹೀಗಾಗುತ್ತದೆ. ಇನ್ನು ಆ ‘ಕ್ಲೀನ್’ ಟ್ರಿಕ್ ಕಾಣದ ಡ್ರೈವನ್ನು ತರುವುದಿಲ್ಲ, ಕಾಣುತ್ತಿರುವ ಬೇರೊಂದು ಡ್ರೈವನ್ನು ಖಾಲಿ ಮಾಡುತ್ತದೆ.

ಮೊದಲು ಈ ಅಪಾಯದ ಮಾತು

ಡಿಸ್ಕ್‌ಪಾರ್ಟ್ ಎಂಬುದು ವಿಂಡೋಸ್‌ನದೇ ಸಾಧನ. ಅದರಲ್ಲಿ ಕ್ಲೀನ್ ಎಂದರೆ ಧೂಳು ಒರೆಸುವುದಲ್ಲ. ಡಿಸ್ಕ್‌ನಲ್ಲಿ ಎಷ್ಟು ಪಾರ್ಟಿಶನ್‌ಗಳಿವೆ, ಯಾವುದು ಎಲ್ಲಿಂದ ಶುರು ಎಂಬ ಪಟ್ಟಿಯನ್ನೇ ಅಳಿಸಿಹಾಕುವುದು. ‘ಖಚಿತವೇ?’ ಎಂದು ಅದು ಒಂದು ಮಾತೂ ಕೇಳುವುದಿಲ್ಲ. ಎಂಟರ್ ಒತ್ತಿದಿರಿ ಎಂದರೆ ಕೆಲಸ ಮುಗಿಯಿತು.

ಈಗ ಯೋಚಿಸಿ. ಇನ್‌ಸ್ಟಾಲರ್‌ಗೆ ಕಾಣದ ಡ್ರೈವ್ ಡಿಸ್ಕ್‌ಪಾರ್ಟ್‌ಗೂ ಕಾಣುವುದಿಲ್ಲ, ಏಕೆಂದರೆ ಎರಡೂ ನೋಡುವುದು ಒಂದೇ ಕಣ್ಣಿನಿಂದ. ಹಾಗಿದ್ದರೆ ಅಲ್ಲಿ ಕಾಣುವ ಡಿಸ್ಕ್ 0 ಯಾವುದು? ಅದು ನೀವು ಚುಚ್ಚಿರುವ ಪೆನ್‌ಡ್ರೈವೇ ಆಗಿರಬಹುದು. ಅದನ್ನು ಅಳಿಸಿಕೊಂಡರೆ ಇನ್ನೊಮ್ಮೆ ಪೆನ್‌ಡ್ರೈವ್ ತಯಾರಿಸುವ ತಲೆನೋವು, ಅಷ್ಟೇ. ಆದರೆ ಕೆಲವು ಲ್ಯಾಪ್‌ಟಾಪ್‌ಗಳಲ್ಲಿ, ಹಲವು ಡೆಸ್ಕ್‌ಟಾಪ್‌ಗಳಲ್ಲಿ ವಿಂಡೋಸ್‌ಗೊಂದು ಎಸ್‌ಎಸ್‌ಡಿ, ಫೋಟೋ-ವಿಡಿಯೋಗಳಿಗೆ ಬೇರೆ 1 ಟಿಬಿ ಹಾರ್ಡ್ ಡಿಸ್ಕ್ ಇರುತ್ತದೆ. ಎಸ್‌ಎಸ್‌ಡಿ ಮರೆಯಾಗಿದ್ದಾಗ ಆ ಹಾರ್ಡ್ ಡಿಸ್ಕೇ ಡಿಸ್ಕ್ 0 ಎಂದು ಮುಂದೆ ನಿಂತಿರಬಹುದು. ಆಮೇಲೆ ಕ್ಲೀನ್ ಕೊಟ್ಟರೆ ಏನಾಗುತ್ತದೆ ಎಂದು ಬಿಡಿಸಿ ಹೇಳಬೇಕಿಲ್ಲ.

ಡಿಸ್ಕ್‌ಗಳನ್ನು ನಂಬರಿನಿಂದಲ್ಲ, ಗಾತ್ರದಿಂದ ಗುರುತಿಸಬೇಕು. 512 ಜಿಬಿಯ ಎಸ್‌ಎಸ್‌ಡಿ ಇಲ್ಲಿ ಸುಮಾರು 476 ಜಿಬಿ ಎಂದೂ, 1 ಟಿಬಿಯದು 931 ಜಿಬಿ ಎಂದೂ ಕಾಣುತ್ತದೆ. (ಕಂಪನಿ ಮೋಸ ಮಾಡಿಲ್ಲ, ಡಬ್ಬಿಯ ಮೇಲೆ ಸಾವಿರದ ಲೆಕ್ಕ, ವಿಂಡೋಸ್‌ನಲ್ಲಿ 1024ರ ಲೆಕ್ಕ.) ಈಗಾಗಲೇ ತಪ್ಪು ಡಿಸ್ಕ್‌ಗೆ ಕ್ಲೀನ್ ಕೊಟ್ಟುಬಿಟ್ಟಿದ್ದರೆ ಅದನ್ನು ಫಾರ್ಮ್ಯಾಟ್ ಮಾಡಬೇಡಿ, ಅದಕ್ಕೆ ಒಂದು ಫೈಲನ್ನೂ ಕಾಪಿ ಮಾಡಬೇಡಿ. ಅಳಿದಿರುವುದು ಪಟ್ಟಿ, ಫೈಲ್‌ಗಳು ಇನ್ನೂ ಅಲ್ಲೇ ಇರುವ ಸಾಧ್ಯತೆ ಇದೆ. ಟೆಸ್ಟ್‌ಡಿಸ್ಕ್ ಎಂಬ ಉಚಿತ ತಂತ್ರಾಂಶ ಕಳೆದುಹೋದ ಪಾರ್ಟಿಶನ್‌ಗಳನ್ನು ಹುಡುಕಿಕೊಡಬಲ್ಲದು. ‘ಕ್ಲೀನ್ ಆಲ್’ ಕೊಟ್ಟಿದ್ದರೆ ಮಾತ್ರ ಆಸೆ ಬಿಡಬೇಕು, ಅದು ಡಿಸ್ಕ್‌ನ ಉದ್ದಕ್ಕೂ ಸೊನ್ನೆ ಬರೆಯುತ್ತದೆ.

ಹಾಗಾದರೆ ಈ ಟ್ರಿಕ್ ಹುಟ್ಟಿದ್ದೆಲ್ಲಿಂದ? ನಮ್ಮ ಊಹೆ ಹೀಗಿದೆ. ಡ್ರೈವ್ ಪಟ್ಟಿಯಲ್ಲಿ ಕಾಣುತ್ತಿದ್ದು, ‘ಇದರಲ್ಲಿ ಎಂಬಿಆರ್ ಪಾರ್ಟಿಶನ್ ಟೇಬಲ್ ಇದೆ, ಜಿಪಿಟಿ ಬೇಕು’ ಎಂದು ಇನ್‌ಸ್ಟಾಲರ್ ತಕರಾರು ತೆಗೆದಾಗ, ಒಳಗಿನದೆಲ್ಲ ಹೋದರೂ ಪರವಾಗಿಲ್ಲ ಎನ್ನುವವರು ಕ್ಲೀನ್ ಬಳಸುತ್ತಾರೆ. ಅದು ಬೇರೆ ರೋಗದ ಮದ್ದು. ಫಾರ್ವರ್ಡ್ ಆಗುತ್ತಾ ಆಗುತ್ತಾ ಎರಡು ರೋಗಗಳೂ ಒಂದೇ ಆಗಿಬಿಟ್ಟಿವೆ.

ಡ್ರೈವ್ ನಿಜಕ್ಕೂ ಹೋಗಿದೆಯೇ ಎಂದು ತಿಳಿಯುವುದು ಹೇಗೆ?

ಬಯಾಸ್ ನೋಡಿ. ಕಂಪ್ಯೂಟರ್ ಆನ್ ಮಾಡಿದ ಕೂಡಲೇ ಎಫ್2 ಕೀಯನ್ನು ಪದೇ ಪದೇ ಒತ್ತಿದರೆ ಡೆಲ್, ಏಸರ್, ಏಸಸ್‌ಗಳಲ್ಲಿ ಬಯಾಸ್ ತೆರೆಯುತ್ತದೆ. ಎಚ್‌ಪಿಯಲ್ಲಿ ಎಫ್10. ಮೊದಲ ಪುಟದಲ್ಲೋ ಸ್ಟೋರೇಜ್ ಎಂಬಲ್ಲೋ ನಿಮ್ಮ ಎಸ್‌ಎಸ್‌ಡಿಯ ಹೆಸರು, ಗಾತ್ರ ಇದೆಯೇ? ಇದ್ದರೆ ಅಂಗಡಿಗೆ ಓಡುವ ಅಗತ್ಯವಿಲ್ಲ. ಡ್ರೈವ್ ಮದರ್‌ಬೋರ್ಡಿಗೆ ಉತ್ತರ ಕೊಡುತ್ತಿದೆ, ಇನ್‌ಸ್ಟಾಲರ್‌ಗೆ ಮಾತ್ರ ಅದರೊಡನೆ ಮಾತಾಡಲು ಬರುತ್ತಿಲ್ಲ.

ಈ ಒಂದು ನಿಮಿಷದ ಪರೀಕ್ಷೆಯನ್ನು ಮಾಡದೆ ಹಣ ಕಳೆದುಕೊಂಡವರನ್ನು ನಾವು ಹತ್ತಿರದಿಂದ ನೋಡಿದ್ದೇವೆ. ನಮ್ಮ ಬಳಗದವರೊಬ್ಬರ ಅಕ್ಕನ ಲ್ಯಾಪ್‌ಟಾಪ್ 2021ರಲ್ಲಿ ಕೊಂಡದ್ದು, 11ನೇ ತಲೆಮಾರಿನ ಐ5. ವಿಂಡೋಸ್ ಪದೇ ಪದೇ ಕೈಕೊಡುತ್ತಿದೆ ಎಂದು ಹೊಸದಾಗಿ ಹಾಕಿಸಲು ಮನೆ ಹತ್ತಿರದ ಅಂಗಡಿಗೆ ಕೊಟ್ಟರು. ಸಂಜೆ ಫೋನ್ ಬಂತು: “ಮೇಡಂ, ನಿಮ್ಮ ಎಸ್‌ಎಸ್‌ಡಿ ಹೋಗಿದೆ, ಡಿಟೆಕ್ಟೇ ಆಗ್ತಿಲ್ಲ.” ಹೊಸ ಎಸ್‌ಎಸ್‌ಡಿ ಹಾಕಿಸಲು ಒಪ್ಪಿದರು. ಮರುದಿನ ಮತ್ತೆ ಫೋನ್. ಹೊಸದೂ ಡಿಟೆಕ್ಟ್ ಆಗುತ್ತಿಲ್ಲ, ಅಂದರೆ ಮದರ್‌ಬೋರ್ಡೇ ಹೋಗಿರಬೇಕು! ಆಗ ಅವರು ಲ್ಯಾಪ್‌ಟಾಪ್ ವಾಪಸ್ ತಂದು ನಮ್ಮ ಮುಂದಿಟ್ಟರು. ಬಯಾಸ್ ತೆರೆದರೆ ಹೊಸ ಎಸ್‌ಎಸ್‌ಡಿಯ ಹೆಸರು ಅಲ್ಲೇ ಇತ್ತು. ಅಂಗಡಿಯವರು ಬೇಕೆಂದೇ ಸುಳ್ಳು ಹೇಳಿದರು ಎಂದು ನಮಗನಿಸುವುದಿಲ್ಲ. ಹಳೆಯ ಕಂಪ್ಯೂಟರ್‌ಗಳಲ್ಲಿ ಆ ಲೆಕ್ಕಾಚಾರ ಎಷ್ಟೋ ಸಲ ಸರಿಯಾಗಿಯೇ ಇತ್ತು.

ಬದಲಾದದ್ದೇನು?

ಎನ್‌ವಿಎಂಇ ಎಸ್‌ಎಸ್‌ಡಿಗಳು ಸಾಮಾನ್ಯವಾಗಿ ಕಂಪ್ಯೂಟರಿಗೆ ನೇರವಾಗಿ ಕಾಣುವಂತಿರುತ್ತವೆ. ಅವುಗಳ ಜೊತೆ ಮಾತಾಡುವ ಡ್ರೈವರ್ ತಂತ್ರಾಂಶ ವಿಂಡೋಸ್ 8.1ರಿಂದ ಈಚೆಗೆ ವಿಂಡೋಸ್ ಒಳಗೇ ಇದೆ. (ಡ್ರೈವ್ ಬೇರೆ, ಡ್ರೈವರ್ ಬೇರೆ. ಒಂದು ವಸ್ತು, ಇನ್ನೊಂದು ಅದನ್ನು ನಡೆಸುವ ತಂತ್ರಾಂಶ.) ಬೀದಿಗೆ ಬಾಗಿಲಿರುವ ಮನೆಯ ಹಾಗೆ, ಪೋಸ್ಟ್‌ಮನ್ ಬಂದ, ತಟ್ಟಿದ, ಕಾಗದ ಕೊಟ್ಟ.

2020ರಲ್ಲಿ ಬಂದ 11ನೇ ತಲೆಮಾರಿನ ಕೋರ್ ಪ್ರೊಸೆಸರ್‌ಗಳಿಂದ ಇಂಟೆಲ್ ತನ್ನ ಲ್ಯಾಪ್‌ಟಾಪ್ ಚಿಪ್‌ಗಳಿಗೆ ವಿಎಂಡಿ, ಅಂದರೆ ವಾಲ್ಯೂಮ್ ಮ್ಯಾನೇಜ್‌ಮೆಂಟ್ ಡಿವೈಸ್ ಎಂಬ ಏರ್ಪಾಡನ್ನು ತಂದಿತು. ಇದು ಹುಟ್ಟಿದ್ದು ಸರ್ವರ್‌ಗಳಿಗಾಗಿ. ಹತ್ತಾರು ಎಸ್‌ಎಸ್‌ಡಿಗಳನ್ನು ಒಂದೇ ಕಡೆಯಿಂದ ನೋಡಿಕೊಳ್ಳಲು, ಕೆಲವನ್ನು ಸೇರಿಸಿ ರೇಡ್ ಮಾಡಲು, ಕೆಟ್ಟದ್ದನ್ನು ಮೆಷಿನ್ ನಿಲ್ಲಿಸದೆ ಬದಲಿಸಲು. ಬೀದಿಗಿದ್ದ ಮನೆಗಳನ್ನೆಲ್ಲ ವಠಾರ ಮಾಡಿದಂತೆ: ಹೊರಗೆ ಒಂದೇ ಬಾಗಿಲು, ಮನೆಗಳೆಲ್ಲ ಒಳಗೆ. ಆ ಬಾಗಿಲು ತೆಗೆಯುವ ಕೀಲಿಯೇ ವಿಎಂಡಿ ಡ್ರೈವರ್. ಕಂಪನಿಯವರು ವಿಂಡೋಸ್ ಹಾಕಿಕೊಡುವಾಗ ಕೀಲಿಯನ್ನೂ ಇಟ್ಟಿರುತ್ತಾರೆ, ಅದಕ್ಕೇ ಹೊಸ ಲ್ಯಾಪ್‌ಟಾಪ್ ಸಲೀಸಾಗಿ ನಡೆಯುತ್ತದೆ. ನೀವು ಮೈಕ್ರೋಸಾಫ್ಟ್‌ನಿಂದ ಇಳಿಸಿಕೊಂಡ ಪೆನ್‌ಡ್ರೈವಿನಲ್ಲಿ ಆ ಕೀಲಿ ಇಲ್ಲದಿದ್ದರೆ ಇನ್‌ಸ್ಟಾಲರ್‌ಗೆ ಕಾಣುವುದು ಮುಚ್ಚಿದ ಬಾಗಿಲು ಮಾತ್ರ. ಒಂದೇ ಎಸ್‌ಎಸ್‌ಡಿ ಇರುವ ಮನೆ ಬಳಕೆಯ ಲ್ಯಾಪ್‌ಟಾಪ್‌ಗೆ ಈ ವಠಾರ ಯಾಕೆ ಬೇಕಿತ್ತು ಎಂದು ನಮಗೂ ಅನ್ನಿಸಿದ್ದಿದೆ.

ಈ ತೊಂದರೆ ಹೊಸದೇನೂ ಅಲ್ಲ. ವಿಂಡೋಸ್ ಎಕ್ಸ್‌ಪಿ ಬಂದದ್ದು 2001ರಲ್ಲಿ, ಸಾಟಾ ಡಿಸ್ಕ್‌ಗಳು ಅದರ ನಂತರ. ಆಗ ಎಕ್ಸ್‌ಪಿ ಹಾಕಲು ಕೂತವರು ಸರಿಯಾದ ಕ್ಷಣಕ್ಕೆ ಎಫ್6 ಒತ್ತಿ, ಫ್ಲಾಪಿಯಲ್ಲಿ ಡ್ರೈವರ್ ಕೊಡಬೇಕಿತ್ತು. ಆ ಡ್ರೈವರ್‌ಗಳಿಗೆ ‘ಎಫ್6 ಡ್ರೈವರ್’ ಎಂಬ ಹೆಸರು ಇಂದಿಗೂ ಅಂಟಿಕೊಂಡಿದೆ.

ಸರಿಪಡಿಸುವುದು ಹೇಗೆ?

ಹಳೆಯ ವಿಂಡೋಸ್ ಇನ್ನೂ ತೆರೆಯುತ್ತಿದ್ದರೆ ಮೊದಲು ಬ್ಯಾಕಪ್ ತೆಗೆದುಕೊಳ್ಳಿ. ಬಿಟ್‌ಲಾಕರ್ ರಿಕವರಿ ಕೀಯನ್ನೂ ಬರೆದಿಟ್ಟುಕೊಳ್ಳಿ. ‘ನಾವು ಬಿಟ್‌ಲಾಕರ್ ಹಾಕೇ ಇಲ್ಲ’ ಎನ್ನಬೇಡಿ. ಮೈಕ್ರೋಸಾಫ್ಟ್ ಖಾತೆಯಿಂದ ಲಾಗಿನ್ ಆದ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಡಿವೈಸ್ ಎನ್‌ಕ್ರಿಪ್ಶನ್ ತಾನಾಗಿಯೇ ಆನ್ ಆಗಿರುತ್ತದೆ. ಬಯಾಸ್‌ನಲ್ಲಿ ಕೈಯಾಡಿಸಿದ ಮೇಲೆ ಅದು 48 ಅಂಕಿಗಳ ಕೀ ಕೇಳಬಹುದು. ಆ ಕೀ ಸಾಮಾನ್ಯವಾಗಿ ನಿಮ್ಮ ಮೈಕ್ರೋಸಾಫ್ಟ್ ಖಾತೆಯಲ್ಲಿ ಉಳಿದಿರುತ್ತದೆ.

ನಾವು ಹೇಳುವ ಮೊದಲ ದಾರಿ ಕೀಲಿ ತಂದುಕೊಡುವುದು. ಇನ್ನೊಂದು ಕಂಪ್ಯೂಟರಿನಲ್ಲಿ ನಿಮ್ಮ ಲ್ಯಾಪ್‌ಟಾಪ್ ಕಂಪನಿಯ ಸಪೋರ್ಟ್ ಪುಟಕ್ಕೆ ಹೋಗಿ, ಮಾಡೆಲ್ ನಂಬರ್ ಕೊಟ್ಟು, ಇಂಟೆಲ್ ರ‍್ಯಾಪಿಡ್ ಸ್ಟೋರೇಜ್ ಅಥವಾ ವಿಎಂಡಿ ಹೆಸರಿನ ಡ್ರೈವರ್ ಇಳಿಸಿಕೊಳ್ಳಿ. ಇಲ್ಲಿ ಬಹಳ ಜನ ಎಡವುತ್ತಾರೆ. ಸಿಗುವುದು ಒಂದು ಸೆಟಪ್ ಫೈಲ್. ಅದನ್ನು ಹಾಗೇ ಪೆನ್‌ಡ್ರೈವಿಗೆ ಹಾಕಿದರೆ ಇನ್‌ಸ್ಟಾಲರ್‌ಗೆ ಉಪಯೋಗವಿಲ್ಲ. ಅದನ್ನು ಬಿಡಿಸಿ, ಒಳಗಿರುವ ಐಎನ್‌ಎಫ್ ಎಂದು ಕೊನೆಯಾಗುವ ಫೈಲ್ ಇರುವ ಇಡೀ ಫೋಲ್ಡರನ್ನು ಪೆನ್‌ಡ್ರೈವಿಗೆ ಹಾಕಬೇಕು. ಆಮೇಲೆ ಡ್ರೈವ್ ಆರಿಸುವ ಪರದೆಯಲ್ಲಿ ‘ಲೋಡ್ ಡ್ರೈವರ್’ ಒತ್ತಿ ಆ ಫೋಲ್ಡರ್ ತೋರಿಸಿದರೆ ಕೆಲವೇ ಕ್ಷಣಗಳಲ್ಲಿ ಎಸ್‌ಎಸ್‌ಡಿ ಪ್ರತ್ಯಕ್ಷ. ‘ಹೊಂದುವ ಡ್ರೈವರ್ ಇಲ್ಲ’ ಎಂದರೆ ಪ್ರೊಸೆಸರ್ ತಲೆಮಾರಿಗೆ ತಕ್ಕ ಆವೃತ್ತಿ ಅದಲ್ಲ ಎಂದು ತಿಳಿಯಿರಿ.

ಎರಡನೆಯದು ವಠಾರದ ಬಾಗಿಲನ್ನೇ ತೆಗೆದುಹಾಕುವುದು, ಅಂದರೆ ಬಯಾಸ್‌ನಲ್ಲಿ ವಿಎಂಡಿ ಆಫ್ ಮಾಡುವುದು. ಏಸಸ್‌ನಲ್ಲಿ ಎಫ್7 ಒತ್ತಿ ಅಡ್ವಾನ್ಸ್‌ಡ್‌ಗೆ ಹೋದರೆ ವಿಎಂಡಿ ಸೆಟಪ್ ಸಿಗುತ್ತದೆ. ಡೆಲ್‌ನಲ್ಲಿ ಸ್ಟೋರೇಜ್ ಕೆಳಗೆ ‘ರೇಡ್ ಆನ್’ ಇರುವುದನ್ನು ಎಎಚ್‌ಸಿಐ/ಎನ್‌ವಿಎಂಇ ಮಾಡಬೇಕು. ಏಸರ್‌ನ ಹಲವು ಮಾಡೆಲ್‌ಗಳಲ್ಲಿ ಈ ಆಯ್ಕೆ ಕಣ್ಣಿಗೇ ಬೀಳುವುದಿಲ್ಲ, ಮೇನ್ ಪುಟದಲ್ಲಿ ಕಂಟ್ರೋಲ್ ಮತ್ತು ಎಸ್ ಒತ್ತಿದರೆ ಹೊರಬರುತ್ತದೆ. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ಈ ಆಯ್ಕೆ ಇರುವುದೇ ಇಲ್ಲ, ಅವಕ್ಕೆ ಮೊದಲ ದಾರಿಯೇ ಗತಿ. ಒಂದು ಎಚ್ಚರಿಕೆ: ಹಳೆಯ ವಿಂಡೋಸನ್ನು ಉಳಿಸಿಕೊಂಡು ವಿಎಂಡಿ ಮಾತ್ರ ಆಫ್ ಮಾಡಿದರೆ ಅದು ನೀಲಿ ಪರದೆ ತೋರಿಸಿ ನಿಲ್ಲಬಹುದು. ಗಾಬರಿ ಬೇಡ, ಮತ್ತೆ ಆನ್ ಮಾಡಿದರೆ ಸಾಮಾನ್ಯವಾಗಿ ಮೊದಲಿನಂತೆ ತೆರೆಯುತ್ತದೆ.

ಬಯಾಸ್‌ನಲ್ಲೇ ಕಾಣದಿದ್ದರೆ?

ಆಗ ಕಥೆ ಬೇರೆ, ಎಸ್‌ಎಸ್‌ಡಿ ಸಡಿಲವಾಗಿರಬಹುದು ಅಥವಾ ನಿಜಕ್ಕೂ ಹಾಳಾಗಿರಬಹುದು. ಹೊಸದಾಗಿ ಕೊಂಡು ಹಾಕಿದ್ದಾದರೆ ಇನ್ನೊಂದು ಸಾಧ್ಯತೆ ಇದೆ. ಚೂಯಿಂಗ್ ಗಮ್ ಪಟ್ಟಿಯಂತಿರುವ ಎಂ.2 ಎಸ್‌ಎಸ್‌ಡಿಗಳಲ್ಲಿ ಸಾಟಾ, ಎನ್‌ವಿಎಂಇ ಎಂಬ ಎರಡು ಜಾತಿ. ಎನ್‌ವಿಎಂಇ ಮಾತ್ರ ಒಪ್ಪುವ ಜಾಗಕ್ಕೆ ಸಾಟಾದ್ದು ಸರಿಯಾಗಿ ಕೂತರೂ ಕೆಲಸ ಮಾಡುವುದಿಲ್ಲ. ಬಿಲ್‌ನಲ್ಲಿ ಯಾವುದೆಂದು ಬರೆದಿದೆ ನೋಡಿಕೊಂಡು ಬದಲಾಯಿಸಿಕೊಳ್ಳಿ.

ಆ ಅಕ್ಕನ ಲ್ಯಾಪ್‌ಟಾಪ್‌ನಲ್ಲಿ ವಿಎಂಡಿ ಆಫ್ ಮಾಡಲು ನಮಗೆ ಹತ್ತು ನಿಮಿಷವೂ ಬೇಕಾಗಲಿಲ್ಲ. ‘ಸತ್ತ’ ಎಸ್‌ಎಸ್‌ಡಿಯನ್ನು ಅವರು ಅಂಗಡಿಯಿಂದ ಕೇಳಿ ವಾಪಸ್ ತಂದಿದ್ದು ಒಳ್ಳೆಯದಾಯಿತು. ಅದನ್ನು ಯುಎಸ್‌ಬಿ ಕೇಸ್‌ಗೆ ಹಾಕಿ ಚುಚ್ಚಿದಾಗ 48 ಅಂಕಿಯ ಕೀ ಕೇಳಿತು. ಅವರ ಮೈಕ್ರೋಸಾಫ್ಟ್ ಖಾತೆಯಲ್ಲಿ ಕೀ ಸಿಕ್ಕಿತು. ಮಗಳು ಹುಟ್ಟಿದ ದಿನದಿಂದ ಕೂಡಿಟ್ಟ ಫೋಟೋಗಳೆಲ್ಲ ಇದ್ದಲ್ಲೇ ಇದ್ದವು.