ಬೈಕಿಗೆ ಮರಳುವಾಗ ಮೊದಲು ಟೈರು ಓದಿ

ನಮ್ಮೂರು ಮೆಟ್ರಿಯ ಪಂಚರ್ ಅಂಗಡಿಯ ಹಿರಿಯರು ನನ್ನ ಬೈಕಿನ ಹಿಂದಿನ ಗಾಲಿಯ ಮುಂದೆ ಕುಕ್ಕರಗಾಲಲ್ಲಿ ಕೂತರು. ಹೆಗಲ ಮೇಲಿನ ವಸ್ತ್ರದಿಂದ ಟೈರಿನ ಪಕ್ಕದ ಧೂಳು ಒರೆಸಿ, ಅಲ್ಲಿ ಉಬ್ಬಿದ್ದ ನಾಲ್ಕು ಅಂಕಿಗಳ ಮೇಲೆ ಬೆರಳಿಟ್ಟರು.

"ಮೇಷ್ಟ್ರೇ, ಈ ಟೈರು ಯಾವಾಗ ಹುಟ್ಟೈತಿ ಗೊತ್ತೇನ್ರಿ?"

ಅಂಕಿ 1416 ಎಂದಿತ್ತು. ಮೊದಲೆರಡು ವಾರ, ಕೊನೆಯೆರಡು ವರ್ಷ. 2016ರ ಹದಿನಾಲ್ಕನೇ ವಾರ ಕಾರ್ಖಾನೆಯಿಂದ ಹೊರಬಿದ್ದ ಟೈರು. ನಾನು ಆ ಹಳೇ ಬೈಕು ಕೊಂಡದ್ದು 2024ರಲ್ಲಿ. ಮಾರಿದವರು ಟೈರಿಗೆ ಕಪ್ಪು ಪಾಲಿಶ್ ಹಚ್ಚಿದ್ದರು. ಹಲ್ಲುಗಳೂ ಆಳವಾಗಿಯೇ ಇದ್ದವು. ಒಳ್ಳೆಯ ಟೈರು ಎಂದೇ ನಂಬಿದ್ದೆ. ಹಿರಿಯರು ಟೈರನ್ನು ಎರಡೂ ಕೈಯಿಂದ ಒತ್ತಿ ಬಗ್ಗಿಸಿದಾಗ ಹಲ್ಲುಗಳ ಬುಡದಲ್ಲಿ ಕೂದಲೆಳೆಯಂಥ ಬಿರುಕುಗಳು ಸಾಲಾಗಿ ಬಾಯಿ ತೆರೆದವು.

"ನೋಡಾಕ ಚೆಂದ ಐತಿ, ಒಳಗ ಸತ್ತೈತಿ. ಇದರ ಮ್ಯಾಲೆ ಮನಿಯವರ್ನ ಕೂಡಿಸ್ಕೊಂಡು ಹೋಗಬ್ಯಾಡ್ರಿ" ಎಂದರು.

ಹಿಂದಿನ ಸಂಜೆ ನಾನು ಬಿದ್ದದ್ದು ಯಾಕೆ ಎಂದು ಆಗ ತಿಳಿಯಿತು. ಭತ್ತದ ಗದ್ದೆಯಿಂದ ಕೇಜ್‌ವೀಲ್ ಹಾಕಿದ ಟ್ರ್ಯಾಕ್ಟರ್ ಹತ್ತಿ ಬಂದು ಡಾಂಬರಿನ ಮೇಲೆ ಕೆಸರು ಉದುರಿಸಿ ಹೋಗಿತ್ತು. ನಾನು ಓಡಿಸುತ್ತಿದ್ದದ್ದು ಮೂವತ್ತರ ವೇಗದಲ್ಲಿ, ಅಷ್ಟೇ. ಬ್ರೇಕು ಮುಟ್ಟಿದ್ದೇ ತಡ, ಹಿಂದಿನ ಗಾಲಿ ಸೋಪಿನ ಮೇಲೆ ಜಾರಿದಂತೆ ಪಕ್ಕಕ್ಕೆ ಹೋಯಿತು. ಮೊಣಕಾಲು ತರಚಿದ್ದು ಬಿಟ್ಟರೆ ಏನೂ ಆಗಲಿಲ್ಲ. ಹಿಂದೆ ಲಾರಿಯೊಂದು ಇದ್ದಿದ್ದರೆ ಈ ಲೇಖನವನ್ನು ನಾನು ಬರೆಯುತ್ತಿರಲಿಲ್ಲ.

ಹದಿನೆಂಟು ವರ್ಷಗಳ ಮೇಲೆ ನಾನು ಮತ್ತೆ ಬೈಕ್ ಏರಿದ್ದೆ. ಕಲಿತದ್ದು ದೊಡ್ಡಪ್ಪನ ಜಾವಾದ ಮೇಲೆ. ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ತಯಾರಾದ ಈ ಬೈಕು, ಎಪ್ಪತ್ತರ ದಶಕದಲ್ಲಿ ಯೆಜ್ಡಿ ಎಂದು ಹೆಸರು ಬದಲಿಸಿ 1996ರವರೆಗೂ ಹೊರಬಂತು. ಕಿಕ್ ಹೊಡೆಯುವುದೂ ಗೇರ್ ಹಾಕುವುದೂ ಒಂದೇ ಲಿವರ್. ಎರಡು ಸೈಲೆನ್ಸರಿನ ಆ ಸದ್ದು ದೂರದಿಂದಲೇ ಮನೆಗೆ ಮುಟ್ಟುತ್ತಿತ್ತು, ದೊಡ್ಡಮ್ಮ ಒಲೆಗೆ ರೊಟ್ಟಿ ಹಂಚು ಇಡುತ್ತಿದ್ದರು. ದ್ವಿಚಕ್ರ ವಾಹನಕ್ಕೆ ಟೈರು ಮಾಡುತ್ತಿದ್ದ ಫಾಲ್ಕನ್ ಕಾರ್ಖಾನೆಯೂ ಮೈಸೂರಿನದೇ. ಬೈಕೂ ಟೈರೂ ನಮ್ಮ ನಾಡಲ್ಲೇ ಆಗುತ್ತಿದ್ದ ಕಾಲ ಅದು. ಎರಡೂ ಬಾಗಿಲು ಮುಚ್ಚಿದ್ದು ನನಗೆ ಇಂದಿಗೂ ನೋವಿನ ಸಂಗತಿ. ಜಾವಾ 2018ರಲ್ಲಿ, ಯೆಜ್ಡಿ 2022ರಲ್ಲಿ ಬೇರೆಯವರ ಕೈಯಲ್ಲಿ ಮರಳಿ ಬಂದವು.

ನೌಕರಿ, ವರ್ಗಾವಣೆ, ಮಕ್ಕಳ ಓದು ಎಂದು 2006ರಲ್ಲಿ ಬಿಟ್ಟದ್ದು, ಊರಿಗೆ ವಾಪಸಾದ ಮೇಲೆ ಮತ್ತೆ ಬೇಕಾಯಿತು. ಮೆಟ್ರಿಯಂಥ ಊರಲ್ಲಿ ಬೈಕು ಶೋಕಿಯ ವಸ್ತುವಲ್ಲ. ಕಂಪ್ಲಿ ಸಂತೆಗೆ, ಹೊಸಪೇಟೆ ಆಸ್ಪತ್ರೆಗೆ, ರಾತ್ರಿ ಗದ್ದೆಗೆ ನೀರು ಕಟ್ಟಲು ಅದೇ ಕಾಲು.

ಬಹಳ ವರ್ಷ ಬಿಟ್ಟು ಮರಳುವ ನನ್ನ ವಯಸ್ಸಿನವರಿಗೆ ಮೊದಲು ಹೇಳಬೇಕಾದದ್ದು ಲೈಸೆನ್ಸಿನ ಮಾತು. ನನ್ನದು 1992ರದು, ಇಪ್ಪತ್ತು ವರ್ಷಕ್ಕೆ ಮುಗಿದಿತ್ತು. ಅವಧಿ ಮುಗಿದು ಒಂದು ವರ್ಷ ದಾಟಿದ್ದರೆ ಈಗ ಮತ್ತೆ ಪರೀಕ್ಷೆ ಕೊಡಲೇಬೇಕು. ಹೊಸಪೇಟೆಯಲ್ಲಿ ಹುಡುಗರ ಸಾಲಿನಲ್ಲಿ ನಿಂತು 'ಎಂಟು' ಹೊಡೆದು ಬಂದೆ. ಅದು ಒಳ್ಳೆಯದೇ ಆಯಿತು, ನಿಧಾನವಾಗಿ ತಿರುಗಿಸುವಾಗ ತೋಳು ಎಷ್ಟು ಬಿಗಿಯಾಗಿದೆ ಎಂಬುದು ಅಲ್ಲೇ ಗೊತ್ತಾಯಿತು. ಕೈ ಕಲಿತದ್ದನ್ನು ಮರೆಯುವುದಿಲ್ಲ ನಿಜ, ಆದರೆ ಕೈಗೆ ನೆನಪಿರುವುದು ಹಳೆಯ ಬೈಕು. ಹಳೆಯ ಬುಲೆಟ್ ಓಡಿಸಿದವರಿಗೆ ಬಲಗಾಲಲ್ಲಿ ಗೇರು, ಎಡಗಾಲಲ್ಲಿ ಬ್ರೇಕು. ಎಮ್ಮೆ ಅಡ್ಡ ಬಂದಾಗ ಕಾಲು ತನಗೆ ತಾನೇ ಎಡಕ್ಕೆ ಒತ್ತುತ್ತದೆ, ಇಂದಿನ ಬೈಕಿನಲ್ಲಿ ಅಲ್ಲಿ ಇರುವುದು ಗೇರು. ಒಂದು ವಾರ ಖಾಲಿ ಮೈದಾನದಲ್ಲಿ ಬರೀ ನಿಲ್ಲಿಸುವುದನ್ನೇ ಕಲಿಯಿರಿ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯ. ಗಾಲಿ ಬಿಗಿದು ನಿಂತುಬಿಡದಂತೆ ಅದು ಕಾಯುತ್ತದೆ. ಆದರೆ ಸತ್ತ ಟೈರಿಗೆ ಹಿಡಿತ ಕೊಡುವ ಶಕ್ತಿ ಅದಕ್ಕಿಲ್ಲ.

ಟೈರಿನ ಮಾತಿಗೇ ಬರುತ್ತೇನೆ. ಇಡೀ ಬೈಕು, ಅದರ ಮೇಲಿನ ಜನ, ಹಿಂದಿನ ಗೊಬ್ಬರದ ಚೀಲ, ಎಲ್ಲವೂ ನೆಲ ಮುಟ್ಟುವುದು ಎರಡು ಅಂಗೈಯಷ್ಟು ಜಾಗದಲ್ಲಿ. ಪಂಚರ್ ಅಂಗಡಿಯ ಹಿರಿಯರಿಂದ ನಾನು ಅದನ್ನು ಓದಲು ಕಲಿತೆ. 100/90-17 55ಪಿ ಎಂದಿದ್ದರೆ ಟೈರಿನ ಅಗಲ 100 ಮಿಲಿಮೀಟರು, ಎತ್ತರ ಆ ಅಗಲದ ನೂರಕ್ಕೆ ತೊಂಬತ್ತು, ರಿಮ್ಮು 17 ಇಂಚು. 55 ಎಂಬುದು ಹೊರೆಯ ಸಂಕೇತ, 218 ಕಿಲೋ. ಪಿ ಎಂದರೆ ಗಂಟೆಗೆ 150 ಕಿಲೋಮೀಟರ್ ವೇಗದವರೆಗೆ ತಾಳುತ್ತದೆ. ಪಕ್ಕದಲ್ಲಿ ಒಂದು ಬಾಣದ ಗುರುತು ಇರುತ್ತದೆ, ಗಾಲಿ ಉರುಳುವ ದಿಕ್ಕು ಅದು. ಉಲ್ಟಾ ಹಾಕಿದರೆ ನೀರು ಹೊರಚೆಲ್ಲಬೇಕಾದ ಗೆರೆಗಳು ತಮ್ಮ ಕೆಲಸ ಮಾಡುವುದಿಲ್ಲ. ಹಲ್ಲಿನ ನಡುವೆ ಸಣ್ಣ ಉಬ್ಬುಗಳಿವೆ, ಹಲ್ಲು ಸವೆದು ಆ ಉಬ್ಬಿಗೆ ಸಮ ಬಂತೆಂದರೆ ಟೈರಿನ ಕಾಲ ಮುಗಿಯಿತು. ದ್ವಿಚಕ್ರಕ್ಕೆ ಕಾನೂನು ಕೇಳುವ ಕನಿಷ್ಠ ಆಳ 0.8 ಮಿಲಿಮೀಟರು. ಮಳೆಗಾಲದಲ್ಲಿ ಅಲ್ಲಿಯವರೆಗೂ ಎಳೆಯಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ. ಹಲ್ಲು ಇದ್ದರೂ ರಬ್ಬರಿಗೆ ವಯಸ್ಸಾಗುತ್ತದೆ, ನಮ್ಮ ಬಿಸಿಲಿಗೆ ಇನ್ನೂ ಬೇಗ. ಐದು ವರ್ಷ ದಾಟಿದ ಟೈರನ್ನು ವರ್ಷಕ್ಕೊಮ್ಮೆಯಾದರೂ ಬಲ್ಲವರ ಕೈಗೆ ತೋರಿಸಿ. ಹತ್ತಾಗಿದ್ದರೆ ನೋಡುವ ಮಾತೇ ಇಲ್ಲ, ತೆಗೆದುಹಾಕಿ.

ಬೇಸಿಗೆಯಲ್ಲಿ ನಮ್ಮ ಕಡೆ ಪೆಟ್ರೋಲ್ ಬಂಕಿನಲ್ಲಿ ಒಂದು ಮಾತು ದಿನವೂ ಕೇಳಿಸುತ್ತದೆ: "ಗಾಳಿ ಕಮ್ಮಿ ಹಾಕಪ್ಪಾ, ಬಿಸಿಲಿಗೆ ಒಡೀತತಿ." ಇದು ಪೂರ್ತಿ ತಿರುವುಮುರುವು. ಗಾಳಿ ಕಡಿಮೆಯಾದಷ್ಟೂ ಟೈರಿನ ಪಕ್ಕ ಹೆಚ್ಚು ಮಡಚಿ ಬಿಚ್ಚುತ್ತದೆ, ಮಡಚಿದಷ್ಟೂ ಒಳಗೆ ಕಾವು ಏರುತ್ತದೆ. ಟೈರು ಒಡೆಯುವುದು ಆ ಕಾವಿಗೆ. ಎಷ್ಟು ಗಾಳಿ ಎಂಬುದು ಚೈನ್ ಕವರಿನ ಹತ್ತಿರದ ಚೀಟಿಯಲ್ಲೋ ಬೈಕಿನ ಪುಸ್ತಕದಲ್ಲೋ ಇರುತ್ತದೆ. ಒಬ್ಬರಿಗೆ ಒಂದು ಲೆಕ್ಕ, ಹಿಂದೆ ಇನ್ನೊಬ್ಬರು ಕೂತರೆ ಹಿಂದಿನ ಗಾಲಿಗೆ ಇನ್ನೊಂದು ಲೆಕ್ಕ. ಬೆಳಗ್ಗೆ, ಟೈರು ತಣ್ಣಗಿರುವಾಗ ಅಳೆಯಿರಿ. ಓಡಿ ಕಾದ ಟೈರಿನಲ್ಲಿ ಒತ್ತಡ ಏರಿರುವುದು ಸಹಜ, ಮಧ್ಯಾಹ್ನ ಅದನ್ನು ನೋಡಿ ಗಾಳಿ ಬಿಡಬಾರದು.

ಇನ್ನು ನಮ್ಮ ಸೀಮೆಯ ಹೆಸರನ್ನೇ ಹೊತ್ತ ಬಳ್ಳಾರಿ ಜಾಲಿ. ಅಮೆರಿಕ ಖಂಡದಿಂದ ಬಂದ ಈ ಗಿಡ ಇಂದು ಕೆರೆ ಅಂಗಳ, ಕಾಲುವೆ ಏರಿ, ಹೊಲದ ಬದು ಎಲ್ಲೆಡೆ ಹಬ್ಬಿದೆ. ಬೇಲಿಗೆಂದು ಕಡಿದು ಎಳೆದೊಯ್ಯುವಾಗ ದಾರಿಯುದ್ದಕ್ಕೂ ಮುಳ್ಳು ಉದುರುತ್ತದೆ. ಅದರ ಕೇಡು ಚುಚ್ಚುವುದರಲ್ಲಷ್ಟೇ ಇಲ್ಲ, ಮುರಿದು ಒಳಗೇ ಕೂರುವುದರಲ್ಲಿದೆ. ಹಿರಿಯರು ಟ್ಯೂಬಿಗೆ ಪ್ಯಾಚ್ ಹಾಕಿ, ಬಕೆಟಿನ ನೀರಲ್ಲಿ ಮುಳುಗಿಸಿ ಗುಳ್ಳೆ ನೋಡಿ ಮುಗಿದ ಮೇಲೂ ಟೈರನ್ನು ಬಿಡುತ್ತಿರಲಿಲ್ಲ. ಟೈರಿನ ಒಳಮೈಯನ್ನು ಬೆರಳ ತುದಿಯಿಂದ ಸುತ್ತಲೂ ಸವರುತ್ತಿದ್ದರು, ಮಗುವಿನ ತಲೆಯಲ್ಲಿ ಹೇನು ಹುಡುಕುವಷ್ಟು ನಿಧಾನವಾಗಿ. ಒಮ್ಮೆ ಹಾಗೆ ಸವರುವಾಗ ಒಂದು ಕಡೆ ಬೆರಳು ನಿಂತಿತು. ಇಕ್ಕಳದಿಂದ ಎಳೆದರೆ ಜೀರಿಗೆ ಕಾಳಿನಷ್ಟು ಮುಳ್ಳಿನ ತುದಿ. ಅದನ್ನು ಬಿಟ್ಟಿದ್ದರೆ ಎರಡೇ ದಿನಕ್ಕೆ ಅದೇ ಜಾಗದಲ್ಲಿ ಮತ್ತೆ ಪಂಚರ್. ಟ್ಯೂಬ್‌ಲೆಸ್ ಟೈರು ಹಾಕಲು ಬರುವ ಗಾಲಿ ನಿಮ್ಮದಾಗಿದ್ದರೆ ಈ ಸೀಮೆಗೆ ಅದೇ ಲೇಸು, ಮುಳ್ಳು ಚುಚ್ಚಿದರೂ ಗಾಳಿ ಮೆಲ್ಲಗೆ ಇಳಿಯುತ್ತದೆ. ದಾರಿಯಲ್ಲಿ ಮುಳ್ಳನ್ನೋ ಮೊಳೆಯನ್ನೋ ಕಿತ್ತು ನೋಡಲು ಹೋಗದೆ, ನಿಧಾನವಾಗಿ ಅಂಗಡಿ ಮುಟ್ಟಿಸಿ.

ಹೊಸ ಟೈರು ಹಾಕಿಸಿದ ದಿನವೇ ಸಂಡೂರಿನ ತಿರುವುಗಳಿಗೆ ಹೋಗಬೇಡಿ. ಅದರ ಮೇಲ್ಮೈ ನುಣುಪಾಗಿರುತ್ತದೆ, ಮೊದಲ ನೂರು ಕಿಲೋಮೀಟರು ತಾಳ್ಮೆಯಿಂದ ಓಡಿಸಿ. ಸಂಡೂರು, ತೋರಣಗಲ್ಲು ಕಡೆಯ ರಸ್ತೆಗಳಲ್ಲಿ ಅದಿರು ಲಾರಿಗಳ ಕೆಂಪು ಧೂಳು ಕೂತಿರುತ್ತದೆ. ಮೊದಲ ಮಳೆಯ ಹತ್ತು ಹನಿ ಬಿದ್ದರೆ ಅದು ಕುಂಬಾರನ ಮಣ್ಣಿನಂತೆ ಜಿಗುಟಾಗಿ ಜಾರುತ್ತದೆ. ಸುಗ್ಗಿಯಲ್ಲಿ ರಸ್ತೆ ಮೇಲೆ ಒಕ್ಕಲು ಹರವಿದ ಕಡೆಯೂ ಹಾಗೆಯೇ. ಒಣ ಹುಲ್ಲಿನ ಮೇಲೆ ಯಾವ ಟೈರಿಗೂ ಹಿಡಿತವಿಲ್ಲ, ನೇರ ಹೋಗಿ, ಬ್ರೇಕು ಮುಟ್ಟಬೇಡಿ.

ಈಗ ಕಳವಿನ ಮಾತು. ದೊಡ್ಡಪ್ಪನ ಜಾವಾಕ್ಕೆ ಮೊಳೆಯಂಥ ಕೀಲಿ ಇತ್ತು. ಒಂದು ಜಾವಾದ ಕೀಲಿ ಇನ್ನೊಂದಕ್ಕೂ ನಡೆಯುತ್ತಿತ್ತು. ಆದರೂ ಊರಲ್ಲಿ ಯಾರೂ ಮುಟ್ಟುತ್ತಿರಲಿಲ್ಲ, ಇದ್ದದ್ದೇ ಮೂರೋ ನಾಲ್ಕೋ ಬೈಕು, ಸದ್ದಿನಿಂದಲೇ ಯಾರದೆಂದು ಗೊತ್ತಾಗುತ್ತಿತ್ತು. ಇಂದು ಒಂದೇ ಬಣ್ಣದ, ಒಂದೇ ಕಂಪನಿಯ ನೂರು ಬೈಕು ಕಲ್ಯಾಣ ಮಂಟಪದ ಮುಂದೆ ನಿಂತಿರುತ್ತವೆ. ನನ್ನ ತಮ್ಮನ ಬೈಕು ಹೋದದ್ದು ಅಂಥ ಒಂದು ಮದುವೆಯಲ್ಲೇ. ಹ್ಯಾಂಡಲ್ ಲಾಕ್ ಹಾಕಿದ್ದ. ಬೈಕು ನಿಂತಿದ್ದ ಜಾಗದಲ್ಲಿ ಅಕ್ಷತೆ ಕಾಳು ಬಿದ್ದಿದ್ದವು, ಬೈಕು ಇರಲಿಲ್ಲ. ಆ ಬೈಕಿನ ಮೇಲೆ ಅವನು ಬೆಳಗಿನ ಜಾವ ಹಾಲು ಹಾಕಿ ಬರುತ್ತಿದ್ದ. ಮುಂದಿನ ಎರಡು ತಿಂಗಳು ಕ್ಯಾನು ತಲೆ ಮೇಲೆ ಹೊತ್ತು ನಡೆದ.

ಹ್ಯಾಂಡಲ್ ಲಾಕನ್ನು ಬಲವಾಗಿ ಒದ್ದರೆ ಮುರಿಯುತ್ತದೆ. ಸವೆದ ಹಳೆಯ ಲಾಕಿಗೆ ಬೇರೆ ಬೈಕಿನ ಕೀಲಿಯೂ ತಿರುಗುತ್ತದೆ. ಆದ್ದರಿಂದ ಅದರ ಜೊತೆ ಇನ್ನೊಂದು ಬೇಕು. ಮುಂದಿನ ಡಿಸ್ಕಿಗೆ ಹಾಕುವ ಬೀಗ, ಇಲ್ಲವೇ ಗಾಲಿಯೊಳಗಿಂದ ಹಾಯಿಸಿ ಕಂಬಕ್ಕೆ ಬಿಗಿಯುವ ದಪ್ಪ ಸರಪಳಿ. ಬರೀ ಡಿಸ್ಕಿಗೆ ಬೀಗ ಹಾಕಿದ ಬೈಕನ್ನು ಇಬ್ಬರು ಎತ್ತಿ ಗೂಡ್ಸ್ ಆಟೋಕ್ಕೆ ಹಾಕಿಕೊಂಡು ಹೋಗಬಹುದು, ಅದಕ್ಕೇ ರಾತ್ರಿಯ ಹೊತ್ತು ಕಂಬದ ಜೊತೆ ಬಿಗಿಯುವುದು ಮೇಲು. ಸರಪಳಿಯನ್ನು ನೆಲಕ್ಕೆ ತಾಗಿಸಬೇಡಿ, ನೆಲದ ಆಸರೆ ಸಿಕ್ಕರೆ ಸುತ್ತಿಗೆ ಏಟಿಗೆ ಬೀಗ ಒಡೆಯುತ್ತದೆ. ಡಿಸ್ಕ್ ಬೀಗದಿಂದ ಹ್ಯಾಂಡಲ್‌ಗೆ ಒಂದು ಬಣ್ಣದ ದಾರ ಕಟ್ಟಿಡಿ, ಮರೆತು ಬೈಕು ಮುಂದೆ ತಳ್ಳಿ ಬೀಳುವವರು ಬಹಳ. ಸೀಟಿನ ಕೆಳಗೆ ಮೆಕ್ಯಾನಿಕ್ಕಿನಿಂದ ಒಂದು ಗುಟ್ಟಿನ ಸ್ವಿಚ್ ಹಾಕಿಸಿಕೊಂಡರೆ ಖರ್ಚೂ ಕಡಿಮೆ, ಕಳ್ಳನಿಗೆ ಎಂಜಿನ್ ಹತ್ತುವುದೂ ಇಲ್ಲ. ಇದಿಷ್ಟಕ್ಕೂ ಮೊದಲು ಕೀಲಿ ಕಿತ್ತುಕೊಳ್ಳುವ ರೂಢಿ ಬೇಕು. ಚಹಾ ಅಂಗಡಿಯ ಮುಂದೆ, ಕಾಲುವೆ ಏರಿಯ ಮೇಲೆ, ಕೀಲಿ ನೇತಾಡುವ ಬೈಕುಗಳನ್ನು ನಾನು ದಿನವೂ ನೋಡುತ್ತೇನೆ. "ಇಲ್ಲೇ ಅದೀನಲ್ಲ" ಎನ್ನುತ್ತಾರೆ. ಗದ್ದೆಯೊಳಗೆ ಮಡೆ ತಿರುವುವಾಗ ನೀವು ಬೈಕಿಗೆ ಬೆನ್ನು ಮಾಡಿರುತ್ತೀರಿ.

ಇನ್ನು, ಬೈಕು ಕಳವಾದ ಮೇಲಿನ ಪರಿಹಾರದ ಮಾತು. ಹದಿನಾರನೇ ಶತಮಾನದಲ್ಲಿ ಹಂಪಿಗೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜ್, ಅರಸ ಸಾಳುವ ನರಸಿಂಹನ ಬಗ್ಗೆ ಒಂದು ಸಂಗತಿ ಬರೆದಿಟ್ಟಿದ್ದಾನೆ. ಹಡಗಿನಲ್ಲಿ ತರುವಾಗ ಸತ್ತ ಕುದುರೆಯ ಬಾಲವನ್ನು ತಂದು ತೋರಿಸಿದರೂ ಬದುಕಿದ ಕುದುರೆಯಷ್ಟೇ ಹಣ ಕೊಡುತ್ತಿದ್ದನಂತೆ. ವಿಮಾ ಕಂಪನಿ ಇಂದು ಕೇಳುವ ಬಾಲ ಎಂದರೆ ಎರಡು ಕೀಲಿ. ಕೊಳ್ಳುವಾಗ ಕೊಟ್ಟ ಎರಡೂ ಕೀಲಿ ಒಪ್ಪಿಸದಿದ್ದರೆ ಕಳವಿನ ಪರಿಹಾರಕ್ಕೆ ತಕರಾರು ಬರುತ್ತದೆ. ಜೊತೆಗೆ ತಡಮಾಡದೆ ದಾಖಲಿಸಿದ ಎಫ್‌ಐಆರ್, ಬೈಕು ಪತ್ತೆಯಾಗಲಿಲ್ಲವೆಂಬ ಪೊಲೀಸರ ವರದಿ, ಆರ್‌ಸಿ ಬೇಕು. ನನ್ನ ತಮ್ಮನಿಗೆ ಸಿಕ್ಕದ್ದು ಏನೂ ಇಲ್ಲ, ಏಕೆಂದರೆ ಅವನದು ಥರ್ಡ್ ಪಾರ್ಟಿ ವಿಮೆ ಮಾತ್ರ. ಅದು ನಮ್ಮಿಂದ ಬೇರೆಯವರಿಗಾದ ಹಾನಿಗೆ, ನಮ್ಮ ಬೈಕಿನ ಕಳವಿಗಲ್ಲ. 2018ರ ಸೆಪ್ಟೆಂಬರ್‌ನಿಂದ ಹೊಸ ಬೈಕಿಗೆ ಐದು ವರ್ಷದ ಥರ್ಡ್ ಪಾರ್ಟಿ ವಿಮೆ ಕಡ್ಡಾಯ. ಕಾಗದದ ಮೇಲಿನ ಐದು ವರ್ಷ ಕಂಡು ಎಲ್ಲವೂ ಸೇರಿದೆ ಎಂದು ಜನ ನಂಬುತ್ತಾರೆ. ಎಷ್ಟೋ ಪಾಲಿಸಿಗಳಲ್ಲಿ ಸ್ವಂತ ಬೈಕಿನ ಭಾಗ ಒಂದೇ ವರ್ಷಕ್ಕೆ ಮುಗಿದಿರುತ್ತದೆ.

ನಿಮ್ಮ ಪಾಲಿಸಿಯನ್ನು ಇವತ್ತೇ ಟ್ರಂಕಿನಿಂದ ತೆಗೆದು ಕಳವಿಗೆ ರಕ್ಷಣೆ ಯಾವ ದಿನಾಂಕದವರೆಗೆ ಇದೆ ನೋಡಿ. ಚಾಸಿ ನಂಬರಿನ ಒಂದು ಫೋಟೋ ಮನೆಯವರ ಫೋನಿನಲ್ಲಿರಲಿ. ಟೈರಿನ ಧೂಳು ಒರೆಸಿ ಆ ನಾಲ್ಕು ಅಂಕಿ ಓದಿ. ಹಾಗೆಯೇ ಬೈಕಿನ ಎರಡನೇ ಕೀಲಿ ಎಲ್ಲಿಟ್ಟಿದ್ದೀರೆಂದು ಮನೆಯಲ್ಲಿ ಕೇಳಿ.