ಚುಕ್ಕಿಗಿಂತ ಚಿಕ್ಕ ದ್ವೀಪ

ಸೆಕೆಂಡಿಗೆ 13 ಸಲಕ್ಕೂ ಹೆಚ್ಚು ಅತ್ತಿತ್ತ ಹೊರಳುವ ಕನ್ನಡಿ. ಅದೂ ಎಲ್ಲಿ? ನೆಲದಿಂದ 900 ಕಿಲೋಮೀಟರಿಗೂ ಮೇಲೆ! 1972ರ ಜುಲೈ 23ರಂದು ಕ್ಯಾಲಿಫೋರ್ನಿಯಾದಿಂದ ಹಾರಿ, ಮುಂದೆ ಲ್ಯಾಂಡ್‌ಸ್ಯಾಟ್-1 ಎಂದು ಹೆಸರಾದ ಉಪಗ್ರಹದಲ್ಲಿ ಇದು ಕೂತಿತ್ತು.

ಆದರೆ ನಕ್ಷೆ ಬರೆಯುವವರು ನೆಚ್ಚಿಕೊಂಡಿದ್ದು ಅದರಲ್ಲೇ ಇದ್ದ ಮೂರು ಟಿವಿ ಕ್ಯಾಮೆರಾಗಳನ್ನು. ಹ್ಯೂಸ್ ಕಂಪನಿಯ ವರ್ಜೀನಿಯಾ ನಾರ್‌ವುಡ್ ರೂಪಿಸಿದ, ಆ ಕನ್ನಡಿಯಿದ್ದ ಮಲ್ಟಿಸ್ಪೆಕ್ಟ್ರಲ್ ಸ್ಕ್ಯಾನರ್ ಮೇಲೆ ಅವರಿಗೆ ಅನುಮಾನವೇ. ಅಲುಗಾಡುವ ಕನ್ನಡಿಯಿಂದ ನೆಟ್ಟಗಿನ ನಕ್ಷೆ ಬರುವುದುಂಟೇ? ಎರಡು ವಾರವಾಗುತ್ತಲೇ ವಿದ್ಯುತ್ ತೊಂದರೆಯಿಂದ ಕ್ಯಾಮೆರಾಗಳನ್ನು ಆರಿಸಬೇಕಾಯಿತು. ಒಂದು ವರ್ಷ ಬಾಳಲೆಂದು ಮಾಡಿದ ಉಪಗ್ರಹ 1978ರವರೆಗೂ ಆ ಕನ್ನಡಿಯ ಬಲದಿಂದಲೇ ಭೂಮಿಯನ್ನು ನೋಡಿತು!

ಹೇಗೆ ನೋಡಿತು ಎನ್ನುವುದೇ ಬೆರಗು. ಅದು ಫೋಟೋ ತೆಗೆಯುತ್ತಿರಲಿಲ್ಲ. ಕನ್ನಡಿ ಒಮ್ಮೆ ಹೊರಳಿದರೆ 185 ಕಿಲೋಮೀಟರ್ ಉದ್ದದ ಆರು ಸಾಲು ನೆಲ. ಅಷ್ಟರಲ್ಲಿ ಉಪಗ್ರಹ ಮುಂದೆ ಸರಿದಿರುತ್ತಿತ್ತು, ಮತ್ತೆ ಆರು ಸಾಲು. ರಂಗೋಲಿಗೆ ಚುಕ್ಕಿ ಇಟ್ಟ ಹಾಗೆ, ಸಾಲು ಸಾಲಾಗಿ! ನೋಡುತ್ತಿದ್ದ ಬೆಳಕಿನ ಪಟ್ಟಿಗಳು ನಾಲ್ಕು: ಹಸಿರು, ಕೆಂಪು, ಜೊತೆಗೆ ನಮ್ಮ ಕಣ್ಣಿಗೆ ಕಾಣದ ಎರಡು ಅವಕೆಂಪು ಪಟ್ಟಿಗಳು. ಪ್ರತಿ ಚುಕ್ಕಿಯ ಹೊಳಪೂ 64 ಮೆಟ್ಟಿಲುಗಳಲ್ಲಿ ಒಂದಾಗಿ, ಬರೀ ಅಂಕಿಯಾಗಿ ಭೂಮಿಗಿಳಿಯುತ್ತಿತ್ತು.

ಒಂದೊಂದು ಚುಕ್ಕಿ ನೆಲದ ಮೇಲೆ ಸುಮಾರು 80 ಮೀಟರ್ ಅಗಲ. ಅದಕ್ಕಿಂತ ಚಿಕ್ಕದು ಕಾಣಲಾರದು ಎಂದುಕೊಂಡಿರಾ? ಕೇಳಿ. 1973ರ ಚಿತ್ರವೊಂದರಲ್ಲಿ, ಕೆನಡಾದ ಲ್ಯಾಬ್ರಡಾರ್ ತೀರದಿಂದ 20 ಕಿಲೋಮೀಟರ್ ಆಚೆ, ಆ ಚಿತ್ರವನ್ನು ಪರಿಶೀಲಿಸುತ್ತಿದ್ದ ಬೆಟ್ಟಿ ಫ್ಲೆಮಿಂಗ್ ಅವರ ಕಣ್ಣಿಗೆ ನಕ್ಷೆಯಲ್ಲಿಲ್ಲದ ದ್ವೀಪವೊಂದು ಬಿತ್ತು. ಬರೀ 25 ಮೀಟರ್ ಅಗಲ, 45 ಮೀಟರ್ ಉದ್ದ! ಲೆಕ್ಕ ಹಾಕಿದರೆ ಒಂದು ಚುಕ್ಕಿಯ ಐದನೇ ಒಂದು ಪಾಲೂ ಇಲ್ಲ. ಆದರೂ ಸಿಕ್ಕಿಬಿದ್ದಿತು. ನೀರು ಅವಕೆಂಪು ಬೆಳಕನ್ನು ಹೀರಿಕೊಳ್ಳುತ್ತದೆ. ಕಡಲು ಹೆಚ್ಚುಕಡಿಮೆ ಕಪ್ಪಗೆ ಕಾಣುತ್ತದೆ. ಆ ಕಪ್ಪಿನ ನಡುವೆ ತುಣುಕು ಬಂಡೆಯಿದ್ದರೂ ಸಾಕು, ಇಡೀ ಚುಕ್ಕಿಯ ಅಂಕಿ ಮೇಲೇರುತ್ತದೆ!

1976ರಲ್ಲಿ ಕೆನಡಾದ ಜಲಮಾಪನ ಇಲಾಖೆಯ ಫ್ರಾಂಕ್ ಹಾಲ್ ಅದನ್ನು ಖಚಿತಪಡಿಸಿಕೊಳ್ಳಲು ಹೆಲಿಕಾಪ್ಟರಿನಿಂದ ಪಟ್ಟಿ ಕಟ್ಟಿಕೊಂಡು ಇಳಿದರು. ಹಿಮ ಮೆತ್ತಿದ ಬಂಡೆ. ಕಾಲೂರುವ ಮೊದಲೇ ಪಂಜವೊಂದು ಅವರತ್ತ ಬೀಸಿತು: ಬಂಡೆಯ ನೆತ್ತಿಯಲ್ಲಿ ಹಿಮಕರಡಿ! ಅವರನ್ನು ಥಟ್ಟನೆ ಮೇಲಕ್ಕೆಳೆದುಕೊಂಡರು. ಆ ಬಂಡೆಗೆ ಉಪಗ್ರಹದ ಹೆಸರನ್ನೇ ಇಟ್ಟು, ಲ್ಯಾಂಡ್‌ಸ್ಯಾಟ್ ದ್ವೀಪವೆಂದು ನಕ್ಷೆಗೆ ಸೇರಿಸಿದರು. ಆ ಭಾಗದ ಕರಾವಳಿಗೆ ತೀರಾ ಪೂರ್ವದ ತುದಿ ಅದೇ ಆದ್ದರಿಂದ, ಕೆನಡಾದ ಕಡಲ ಗಡಿಯೇ ಇನ್ನಷ್ಟು ಆಚೆಗೆ ಸರಿಯಿತು.